ರೇಷ್ಮೆ ಹುಳು ಮನೆಯ ಪೆಲೆಟ್ ಒಲೆಗೆ ಥರ್ಮೋಸ್ಟಾಟ್ ಜೋಡಿಸುವುದು ಹೇಗೆ?

ಪ್ರಶ್ನೆ: ಹಾವೇರಿ ಜಿಲ್ಲೆಯ ಸವಣೂರು ತಾಲೂಕಿನಲ್ಲಿ ನಮ್ಮದು ಎರಡು ಎಕರೆ ಹಿಪ್ಪುನೇರಳೆ ತೋಟ. ಮರಿಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ರೇಷ್ಮೆ ಹುಳು ತಂದು, ಎರಡನೇ ಜ್ವರದ (ಹುಳು ತಿನ್ನುವುದು ಬಿಟ್ಟು ಪೊರೆ ಕಳಚುವ ಹಂತದ) ನಂತರ ನಾವೇ ಸಾಕುತ್ತೇವೆ. ಹುಳು ಮನೆ 30 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರ, ಆರ್‌ಸಿಸಿ ಛಾವಣಿ. ಚಳಿಗಾಲದ ಬೆಳೆಗೆ ಇಷ್ಟು ವರ್ಷ ಇದ್ದಿಲು ಅಗ್ಗಿಷ್ಟಿಕೆ ಇಡುತ್ತಿದ್ದೆವು. ಈ ಸಲ ಮನೆ ಬೆಚ್ಚಗಿಡಲು ಬಳಸುವ 8 ಕಿಲೋವ್ಯಾಟ್ ಸಾಮರ್ಥ್ಯದ, ಪೆಲೆಟ್ (ಮರದ ಹೊಟ್ಟು ಅಥವಾ ಕೃಷಿ ತ್ಯಾಜ್ಯವನ್ನು ಒತ್ತಿ ಮಾಡಿದ ಸಣ್ಣ ಗುಳಿಗೆ) ಉರಿಸುವ ಒಲೆಯೊಂದನ್ನು ತರಿಸಿ, ಹೊಗೆ ಕೊಳವೆಯನ್ನು ಹೊರಗೆ ಬಿಟ್ಟು ಕೂರಿಸಿದ್ದೇವೆ. ಒಲೆಯ ಹಿಂಬದಿಯಲ್ಲಿ ಥರ್ಮೋಸ್ಟಾಟಿಗೆಂದು ಎರಡು ಟರ್ಮಿನಲ್‌ಗಳಿವೆ. ಆದರೆ ನಮ್ಮೂರಿನ ಎಲೆಕ್ಟ್ರಿಷಿಯನ್, ಆ ಟರ್ಮಿನಲ್ ಗೊಡವೆ ಬೇಡ, ಒಲೆಗೆ ಹೋಗುವ ಕರೆಂಟನ್ನೇ ಥರ್ಮೋಸ್ಟಾಟ್ ಮೂಲಕ ಹಾಯಿಸಿದರೆ ಸಾಕು ಎನ್ನುತ್ತಾರೆ. ಹಾಗೆ ಮಾಡಬಹುದೇ? ರಾತ್ರಿ ಎದ್ದೆದ್ದು ನೋಡದೆ ಕೋಣೆಯಲ್ಲಿ 25 ಡಿಗ್ರಿ ನಿಲ್ಲುವಂತೆ ಮಾಡಲು ಏನು ವ್ಯವಸ್ಥೆ ಬೇಕು?

ಉತ್ತರ: ಒಲೆಗೆ ಹೋಗುವ ಕರೆಂಟನ್ನು ಥರ್ಮೋಸ್ಟಾಟಿನಿಂದ ಕಡಿಯುವ ವ್ಯವಸ್ಥೆಯನ್ನು ದಯವಿಟ್ಟು ಮಾಡಿಸಬೇಡಿ. ನೀರು ಕಾಯಿಸುವ ಗೀಸರಿಗೂ ಕೋಣೆಯ ಎಲೆಕ್ಟ್ರಿಕ್ ಹೀಟರಿಗೂ ಆ ವಿಧಾನ ಸರಿಹೋಗುತ್ತದೆ, ಏಕೆಂದರೆ ಕರೆಂಟ್ ನಿಂತ ಕ್ಷಣವೇ ಅಲ್ಲಿ ಶಾಖದ ಉತ್ಪತ್ತಿಯೂ ನಿಲ್ಲುತ್ತದೆ. ಪೆಲೆಟ್ ಒಲೆಯಲ್ಲಿ ಹಾಗಿಲ್ಲ. ಅದು ಉರಿಯುವಾಗ ಕರೆಂಟ್ ಮಾಡುವ ಮುಖ್ಯ ಕೆಲಸ ಮೂರು: ಹಾಪರಿನಿಂದ (ಪೆಲೆಟ್ ತುಂಬಿಡುವ ಪೆಟ್ಟಿಗೆಯಿಂದ) ಪೆಲೆಟ್ ತಳ್ಳುವ ಸ್ಕ್ರೂವನ್ನು ತಿರುಗಿಸುವುದು, ಉರಿಗೆ ಗಾಳಿ ಕೊಟ್ಟು ಹೊಗೆಯನ್ನು ಕೊಳವೆಗೆ ದೂಡುವ ಫ್ಯಾನನ್ನು ಓಡಿಸುವುದು, ಮತ್ತು ಬಿಸಿಗಾಳಿಯನ್ನು ಕೋಣೆಗೆ ಊದುವ ಇನ್ನೊಂದು ಫ್ಯಾನನ್ನು ಓಡಿಸುವುದು. ಕರೆಂಟ್ ಕಡಿದಾಗ ಈ ಮೂರೂ ಒಟ್ಟಿಗೆ ನಿಲ್ಲುತ್ತವೆ. ಆದರೆ ಉರಿ ಬಟ್ಟಲಿನಲ್ಲಿ ಬಿದ್ದಿರುವ ಪೆಲೆಟ್‌ಗಳ ಬೆಂಕಿ ಆರುವುದಿಲ್ಲ. ಗಾಳಿ ಸಾಲದೆ ಅವು ಕುಮುಲುತ್ತವೆ, ಹೊಗೆ ಕೋಣೆಗೆ ತಿರುಗುತ್ತದೆ, ಒಲೆಯ ಒಡಲಿನ ಶಾಖ ಹೊರಹೋಗಲು ದಾರಿಯಿಲ್ಲದೆ ಹಾಪರಿನ ಕಡೆಗೆ ಏರುತ್ತದೆ. ಸರಿಯಾದ ಕ್ರಮದಲ್ಲಿ ಆರಿಸಿದಾಗ ಒಲೆಯ ನಿಯಂತ್ರಣ ಬೋರ್ಡು ಮೊದಲು ಪೆಲೆಟ್ ನಿಲ್ಲಿಸಿ, ಉಳಿದದ್ದು ಉರಿದು ಒಲೆ ತಣ್ಣಗಾಗುವವರೆಗೆ ಎರಡೂ ಫ್ಯಾನುಗಳನ್ನು ಹತ್ತು-ಇಪ್ಪತ್ತು ನಿಮಿಷ ಓಡಿಸುತ್ತದೆ. ಥರ್ಮೋಸ್ಟಾಟು ಕರೆಂಟನ್ನೇ ಕಡಿದರೆ ಒಂದೇ ರಾತ್ರಿಯಲ್ಲಿ ಈ ಕ್ರಮ ಹಲವು ಬಾರಿ ಅರ್ಧಕ್ಕೆ ಮುರಿಯುತ್ತದೆ. ರೇಷ್ಮೆ ಹುಳುವಿಗೆ ಹೊಗೆ ಎಷ್ಟು ಕೆಟ್ಟದ್ದೆಂದು ಅಗ್ಗಿಷ್ಟಿಕೆಯ ಕಾಲದಲ್ಲಿಯೇ ನೀವು ಕಂಡಿರುತ್ತೀರಿ.

ಹಿಂಬದಿಯ ಆ ಎರಡು ಟರ್ಮಿನಲ್‌ಗಳು ಇರುವುದೇ ಈ ಕಾರಣಕ್ಕೆ. ಅವು ಒಲೆಯ ಬೋರ್ಡಿಗೆ ಸುದ್ದಿ ಮುಟ್ಟಿಸುವ ದಾರಿ. ಮನೆ ಬಾಗಿಲ ಕರೆಗಂಟೆಯ ಗುಂಡಿಯಂತೆ, ಎರಡು ತಂತಿ ಕೂಡಿದರೆ ‘ಶಾಖ ಬೇಕು’, ಬಿಟ್ಟರೆ ‘ಸಾಕು’. ಆ ಸುದ್ದಿ ಬಂದ ಮೇಲೆ ಯಾವ ಫ್ಯಾನು ಎಷ್ಟು ಹೊತ್ತು ಓಡಬೇಕು, ಸ್ಕ್ರೂ ಯಾವಾಗ ನಿಲ್ಲಬೇಕು ಎಂಬುದನ್ನು ಬೋರ್ಡೇ ನಿರ್ಧರಿಸುತ್ತದೆ. ಇಂಥ ಟರ್ಮಿನಲ್‌ಗಳಿಗೆ ಹೊರಗಿನಿಂದ ಯಾವ ವೋಲ್ಟೇಜನ್ನೂ ಕೊಡಬಾರದು. ಬೋರ್ಡು ತನ್ನದೇ ಸಣ್ಣ ವೋಲ್ಟೇಜನ್ನು ಅವುಗಳ ಮೇಲೆ ಹಾಯಿಸಿ, ತಂತಿ ಕೂಡಿದೆಯೇ ಬಿಟ್ಟಿದೆಯೇ ಎಂದು ನೋಡಿಕೊಳ್ಳುತ್ತದೆ. ಅಲ್ಲಿಗೆ 230 ವೋಲ್ಟ್ ತಾಗಿದರೆ ಬೋರ್ಡು ಸುಟ್ಟಿತೆಂದೇ ಲೆಕ್ಕ, ಮತ್ತು ಇಂಥ ಒಲೆಗಳ ಬೋರ್ಡು ಹುಬ್ಬಳ್ಳಿಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಸಾಮಾನಲ್ಲ.

ತಂತಿ ಎಳೆಯುವ ಮೊದಲು ಒಂದೆರಡು ಪರೀಕ್ಷೆ ಮಾಡಿಸಿ. ಕೆಲವು ಒಲೆಗಳಲ್ಲಿ ಥರ್ಮೋಸ್ಟಾಟಿನ ಟರ್ಮಿನಲ್ ಬೇರೆ, ಕೋಣೆಯ ಉಷ್ಣತೆ ಅಳೆಯುವ ಸೆನ್ಸರಿನ ಟರ್ಮಿನಲ್ ಬೇರೆ ಇರುತ್ತವೆ, ನೋಡಲು ಎರಡೂ ಒಂದೇ ತರಹ. ಸೆನ್ಸರಿನ ಜಾಗಕ್ಕೆ ಥರ್ಮೋಸ್ಟಾಟಿನ ತಂತಿ ಸಿಕ್ಕಿಸಿದರೆ ಒಲೆ ಅಸಂಬದ್ಧ ಉಷ್ಣತೆಯನ್ನು ತೋರಿಸುತ್ತದೆ ಅಥವಾ ದೋಷದ ಸಂಕೇತ ಕೊಟ್ಟು ನಿಲ್ಲುತ್ತದೆ. ಆದ್ದರಿಂದ ಕೈಪಿಡಿಯ ಚಿತ್ರವನ್ನು ನೋಡಿ ಜಾಗವನ್ನು ಖಚಿತಪಡಿಸಿಕೊಳ್ಳಿ. ಆಮೇಲೆ ಮಲ್ಟಿಮೀಟರಿನಿಂದ ಆ ಎರಡರ ನಡುವಿನ ವೋಲ್ಟೇಜ್ ಅಳೆಯಿರಿ. ಸಾಮಾನ್ಯವಾಗಿ 5, 12 ಅಥವಾ ಹೆಚ್ಚೆಂದರೆ 24 ವೋಲ್ಟಿನ ಆಸುಪಾಸು ಕಾಣಬೇಕು. ಕಾರ್ಖಾನೆಯಿಂದ ಬರುವಾಗ ಆ ಟರ್ಮಿನಲ್‌ಗಳ ನಡುವೆ ಒಂದು ತುಂಡು ತಂತಿಯ ಜಂಪರ್ ಇರುವುದುಂಟು. ಅದನ್ನು ತೆಗೆಯದೆ ಥರ್ಮೋಸ್ಟಾಟ್ ಹಾಕಿದರೆ ಒಲೆಗೆ ಸದಾ ‘ಶಾಖ ಬೇಕು’ ಎಂಬ ಸುದ್ದಿಯೇ ಹೋಗುತ್ತಿರುತ್ತದೆ. ಜಂಪರ್ ತೆಗೆದಾಗ ಉರಿ ತಗ್ಗಬೇಕು, ಮತ್ತೆ ಕೂಡಿಸಿದಾಗ ಏರಬೇಕು. ಕೆಲವು ನಿಮಿಷ ತಡವಾಗಿ ಏರಿದರೂ ಅದು ಸಹಜವೇ. ಇಷ್ಟಾದರೆ ಒಲೆಯ ಕಡೆಯ ಕೆಲಸ ಸರಿಯಾಗಿದೆ ಎಂದರ್ಥ.

ಇನ್ನು ಯಾವ ಥರ್ಮೋಸ್ಟಾಟ್ ಎಂಬ ವಿಚಾರ. ಎಸಿ ಅಂಗಡಿಗಳಲ್ಲಿ ಸಿಗುವ ಗೋಡೆಯ ಥರ್ಮೋಸ್ಟಾಟುಗಳಲ್ಲಿ ಬಹುಪಾಲು ತಮಗೆ ಬಂದ 230 ವೋಲ್ಟನ್ನೇ ಹೊರಗೆ ಬಿಡುವಂಥವು. ಅವು ನಿಮಗೆ ಬೇಡ. ಮೊಟ್ಟೆ ಮರಿ ಮಾಡುವ ಇನ್‌ಕ್ಯುಬೇಟರಿಗೂ ಶೀತಲ ಪೆಟ್ಟಿಗೆಗಳಿಗೂ ಹಾಕುವ ಎಸ್‌ಟಿಸಿ-1000 ಮಾದರಿಯ ಡಿಜಿಟಲ್ ಕಂಟ್ರೋಲರ್ ಕಡಿಮೆ ಬೆಲೆಯದು, ಮತ್ತು ಈ ಕೆಲಸಕ್ಕೆ ಒಗ್ಗುತ್ತದೆ. ಅದಕ್ಕೆ 230 ವೋಲ್ಟ್ ಬೇಕಾಗುವುದು ತಾನು ನಡೆಯಲು ಮಾತ್ರ. ಅದರ ‘ಹೀಟಿಂಗ್’ ಎಂಬ ಎರಡು ಟರ್ಮಿನಲ್‌ಗಳು ಬರಿಯ ಸ್ವಿಚ್, ಅಲ್ಲಿಂದ ಕರೆಂಟ್ ಹೊರಬರುವುದಿಲ್ಲ. ಮೂಲ ಮಾದರಿಯಲ್ಲಿ 1 ಮತ್ತು 2 ಕರೆಂಟಿಗೆ, 3 ಮತ್ತು 4 ಸೆನ್ಸರಿಗೆ, 5 ಮತ್ತು 6 ಹೀಟಿಂಗಿಗೆ, 7 ಮತ್ತು 8 ಕೂಲಿಂಗಿಗೆ. ಆದರೆ ಇದೇ ಹೆಸರಿನಲ್ಲಿ ಅನೇಕರು ತಯಾರಿಸುವುದರಿಂದ ನಿಮ್ಮ ಪೆಟ್ಟಿಗೆಯ ಮೇಲೆ ಅಂಟಿಸಿರುವ ಚಿತ್ರವೇ ಪ್ರಮಾಣ. ಇಲ್ಲಿ ಅಪಾಯವಿರುವುದು ಒಂದೇ ಕಡೆ: 230 ವೋಲ್ಟಿನ ತಿರುಪೂ ಒಲೆಗೆ ಹೋಗುವ ತಿರುಪೂ ಒಂದೇ ಸಾಲಿನಲ್ಲಿ ಒತ್ತಾಗಿ ಕುಳಿತಿರುತ್ತವೆ. ಎಲೆಕ್ಟ್ರಿಷಿಯನ್‌ಗಳು ರೂಢಿಯಂತೆ ಕಂಟ್ರೋಲರಿನೊಳಗೆ ಫೇಸನ್ನು 1ರಿಂದ 5ಕ್ಕೆ ಲೂಪ್ ಮಾಡಿಬಿಡುತ್ತಾರೆ, ಬಲ್ಬ್ ಅಥವಾ ಹೀಟರ್ ನಡೆಸಲು ಅದು ಬೇಕಾಗುವುದರಿಂದ. ನಿಮ್ಮಲ್ಲಿ ಆ ಲೂಪ್ ಇರಲೇಕೂಡದು. ಒಲೆಗೆ ಜೋಡಿಸುವ ಮೊದಲು ಕಂಟ್ರೋಲರಿಗೆ ಕರೆಂಟ್ ಕೊಟ್ಟು, ಅದರ ಹೀಟಿಂಗ್ ದೀಪ ಹೊತ್ತಿದಾಗಲೂ ಆರಿದಾಗಲೂ 5 ಮತ್ತು 6ರಲ್ಲಿ ಯಾವ ವೋಲ್ಟೇಜೂ ಇಲ್ಲವೆಂಬುದನ್ನು, ಅವೆರಡರ ನಡುವೆ ಮಾತ್ರವಲ್ಲದೆ ಒಂದೊಂದರಿಂದ ಅರ್ತಿಂಗಿಗೂ ಮೀಟರ್ ಹಿಡಿದು, ನಿಮ್ಮ ಕಣ್ಣೆದುರೇ ಪರೀಕ್ಷಿಸಿ ತೋರಿಸಲು ಹೇಳಿ.

ಎಸ್‌ಟಿಸಿ-1000 ರಲ್ಲಿ ಎಫ್1 ಎಂದರೆ ಬೇಕಾದ ಉಷ್ಣತೆ, ಎಫ್2 ಎಂದರೆ ಅಂತರ. ಎಫ್1 ಅನ್ನು 25ಕ್ಕೂ ಎಫ್2 ಅನ್ನು 1ಕ್ಕೂ ಇಟ್ಟರೆ ಕೋಣೆ 24ಕ್ಕೆ ಇಳಿದಾಗ ಶಾಖ ಕೇಳುತ್ತದೆ, 25ಕ್ಕೆ ಏರಿದಾಗ ಸಾಕೆನ್ನುತ್ತದೆ. ಅಂತರವನ್ನು 0.3ರವರೆಗೆ ಇಳಿಸಲು ಸಾಧ್ಯವಿದ್ದರೂ ಇಳಿಸಬೇಡಿ. ಪೆಲೆಟ್ ಒಲೆ ನಿಧಾನದ ಯಂತ್ರ, ಅದಕ್ಕೆ ಗಳಿಗೆಗೊಮ್ಮೆ ಆಜ್ಞೆ ಬದಲಿಸಿದರೆ ಉರಿ ಎಂದೂ ಹದಕ್ಕೆ ಬರುವುದಿಲ್ಲ. ಎಫ್4ರಲ್ಲಿ ಸೆನ್ಸರಿನ ತಪ್ಪನ್ನು ತಿದ್ದಬಹುದು. ಹುಳು ಮನೆಯಲ್ಲಿ ನೀವು ತೂಗುಹಾಕಿರುವ ಒಣ-ತೇವ ಉಷ್ಣಮಾಪಕದ ಒಣ ಬಲ್ಬಿನ ಪಕ್ಕದಲ್ಲಿ ಸೆನ್ಸರನ್ನು ಅರ್ಧ ಗಂಟೆ ಇಟ್ಟು, ಎರಡೂ ಒಂದೇ ಅಂಕಿ ತೋರುವಂತೆ ಸರಿಪಡಿಸಿಕೊಳ್ಳಿ.

ಸೆನ್ಸರನ್ನು ಎಲ್ಲಿ ಇಡುತ್ತೀರಿ ಎಂಬುದು ಥರ್ಮೋಸ್ಟಾಟಿನ ಬೆಲೆಗಿಂತ ಮುಖ್ಯ. ಒಲೆಯ ಬಿಸಿಗಾಳಿ ನೇರವಾಗಿ ಹಾಯುವ ದಿಕ್ಕಿನಲ್ಲಿ ಇಟ್ಟರೆ ಕೋಣೆ ತಣ್ಣಗಿರುವಾಗಲೇ ಒಲೆ ತಗ್ಗುತ್ತದೆ. ಹೊರಗೋಡೆಗೆ ಅಥವಾ ಬಾಗಿಲ ಪಕ್ಕಕ್ಕೆ ತಾಗಿಸಿದರೆ ಹುಳುಗಳು ಬೆವರುವ ಹೊತ್ತಿಗೂ ಒಲೆ ಉರಿಯುತ್ತಿರುತ್ತದೆ. ಒಲೆಯಿಂದ ದೂರದ ಸ್ಟ್ಯಾಂಡಿನಲ್ಲಿ, ನಡುವಿನ ಅಂತಸ್ತಿನಲ್ಲಿ ಹುಳುಗಳು ಸೊಪ್ಪು ತಿನ್ನುವ ಹಾಸಿಗೆಯ ಮಟ್ಟದಲ್ಲಿ, ಸೊಪ್ಪಿಗೆ ತಾಗದಂತೆ ಗಾಳಿಯಲ್ಲಿ ತೂಗಾಡುವ ಹಾಗೆ ಕಟ್ಟಿ. ಬಿಸಿಗಾಳಿ ಮೇಲಕ್ಕೇರುವುದರಿಂದ ಕೆಳಗಿನ ಅಂತಸ್ತಿಗೂ ಮೇಲಿನದಕ್ಕೂ ಮೂರು-ನಾಲ್ಕು ಡಿಗ್ರಿ ವ್ಯತ್ಯಾಸ ಬೀಳಬಹುದು, ಹಾಗಾದಾಗ ಕೆಳಗಿನ ಹುಳು ಒಂದು ದಿನ ತಡವಾಗಿ ಜ್ವರಕ್ಕೆ ಕೂರುತ್ತದೆ. ಛಾವಣಿಯ ಫ್ಯಾನನ್ನು ತೀರ ನಿಧಾನ ವೇಗದಲ್ಲಿ ಓಡಿಸಿದರೆ ಈ ಅಂತರ ಬಹಳಷ್ಟು ಕಡಿಮೆಯಾಗುತ್ತದೆ. ಕಂಟ್ರೋಲರಿನಿಂದ ಒಲೆಗೆ 0.75 ಚದರ ಮಿಲಿಮೀಟರಿನ ಎರಡೆಳೆ ತಂತಿ ಧಾರಾಳವಾಯಿತು. ಇಲಿ ಕಡಿಯದಂತೆ ಪಿವಿಸಿ ಪೈಪಿನಲ್ಲಿ ಹಾಕಿಸಿ, ಆದರೆ ಲೈಟಿನ ವೈರಿರುವ ಪೈಪಿನಲ್ಲಿಯೇ ತುರುಕಿಸಬೇಡಿ.

ಇಲ್ಲಿಂದ ಮುಂದಿನದು ನಿಜವಾಗಿ ಯೋಚಿಸಬೇಕಾದ ವಿಷಯ. ಬೋರ್ಡು ‘ಸಾಕು’ ಎಂಬ ಸುದ್ದಿಗೆ ಎರಡು ಬಗೆಯಲ್ಲಿ ಉತ್ತರಿಸಬಲ್ಲದು: ಪೂರ್ತಿ ಆರಿ, ಮತ್ತೆ ಬೇಕೆಂದಾಗ ತಾನೇ ಹೊತ್ತಿಕೊಳ್ಳುವುದು ಒಂದು, ಆರದೆ ಕನಿಷ್ಠ ಉರಿಗೆ ಇಳಿದು ಕಾಯುವುದು ಇನ್ನೊಂದು. ಬಹಳಷ್ಟು ಒಲೆಗಳ ಮೆನುವಿನಲ್ಲಿ ಇದು ‘ಸ್ಟ್ಯಾಂಡ್-ಬೈ’ ಎಂಬ ಆಯ್ಕೆಯಾಗಿ ಇರುತ್ತದೆ. ಅದನ್ನು ಆನ್ ಮಾಡಿದರೆ ಒಲೆ ಆರುತ್ತದೆ, ಆಫ್ ಮಾಡಿದರೆ ಕನಿಷ್ಠಕ್ಕೆ ಇಳಿಯುತ್ತದೆ. ತಂಪು ದೇಶಗಳ ಮನೆಗಳಲ್ಲಿ ಪೆಲೆಟ್ ಉಳಿಸಲು ಮೊದಲನೆಯದನ್ನು ಇಷ್ಟಪಡುವವರುಂಟು. ನಮ್ಮ ಕಡೆಯ ಪೆಲೆಟ್ ಹಾಕುವವರಿಗೆ ಎರಡನೆಯದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾರಣವಿರುವುದು ಬೂದಿಯಲ್ಲಿ. ಈ ಒಲೆಗಳನ್ನು ರೂಪಿಸಿರುವುದು 6 ಮಿಲಿಮೀಟರ್ ದಪ್ಪದ, ಶುದ್ಧ ಮರದ ಹೊಟ್ಟಿನ ಪೆಲೆಟ್‌ಗಳಿಗೆ. ಯುರೋಪಿನ ಮೇಲ್ದರ್ಜೆಯ ಪೆಲೆಟ್‌ಗಳಲ್ಲಿ ಬೂದಿ ಶೇಕಡ 0.7ನ್ನು ಮೀರಬಾರದೆಂಬ ನಿಯಮವಿದೆ. ನಮ್ಮಲ್ಲಿ ಶೇಂಗಾ ಸಿಪ್ಪೆ, ಹತ್ತಿ ಕಟ್ಟಿಗೆ, ಗೋವಿನಜೋಳದ ದಂಟು ಮುಂತಾದ ಕೃಷಿ ತ್ಯಾಜ್ಯದಿಂದ ಮಾಡಿದವುಗಳಲ್ಲಿ ಬೂದಿ ಅದರ ಹಲವು ಪಟ್ಟು ಇರುತ್ತದೆ, ಜೊತೆಗೆ ಅದರಲ್ಲಿನ ಪೊಟ್ಯಾಷಿಯಂ ಮತ್ತು ಮಣ್ಣಿನ ಅಂಶ ಸೇರಿ ಉರಿ ಬಟ್ಟಲಿನಲ್ಲಿ ಕರಗಿ ಗಟ್ಟಿ ಹೆಂಟೆಯಾಗುತ್ತದೆ. ಬಟ್ಟಲಿನ ತೂತುಗಳು ಮುಚ್ಚಿರುವಾಗ ಒಲೆ ನಡುರಾತ್ರಿ ತಾನಾಗಿ ಹೊತ್ತಿಕೊಳ್ಳಲು ಹೊರಟರೆ ಪೆಲೆಟ್ ಬೀಳುತ್ತದೆ, ಹೊತ್ತುವುದಿಲ್ಲ, ರಾಶಿಯಾಗುತ್ತದೆ. ಕೊನೆಗೊಮ್ಮೆ ಹೊತ್ತಿದಾಗ ಬಟ್ಟಲು ತುಂಬಿದ ಅನಿಲವೆಲ್ಲ ಒಮ್ಮೆಗೆ ಭುಗಿಲೆದ್ದು ಬಾಗಿಲ ಸಂದಿನಿಂದ ಹೊಗೆ ಹೊರನುಗ್ಗುತ್ತದೆ. ಹೊತ್ತಿಸುವ ಎಲಿಮೆಂಟು ಕೂಡ ಪದೇ ಪದೇ ಕಾದು ಬೇಗ ಸುಡುತ್ತದೆ. ಆದ್ದರಿಂದ ರಾತ್ರಿಗೆ ಒಂದೇ ಬಾರಿ, ಬಟ್ಟಲನ್ನು ಸ್ವಚ್ಛ ಮಾಡಿ, ನೀವು ಎದುರಿಗಿರುವಾಗ ಒಲೆ ಹೊತ್ತಲಿ. ಆಮೇಲೆ ಬೆಳಗಿನವರೆಗೆ ಥರ್ಮೋಸ್ಟಾಟು ಉರಿಯನ್ನು ಏರಿಸಿ ಇಳಿಸುತ್ತಿರಲಿ. ಮರದ ಹೊಟ್ಟಿನ ಪೆಲೆಟ್ ಸಿಕ್ಕರೆ ನಾಲ್ಕು ದುಡ್ಡು ಹೆಚ್ಚಾದರೂ ಚಳಿಗಾಲದ ಒಂದೆರಡು ಬೆಳೆಗೆ ಅದನ್ನೇ ಕೊಳ್ಳಿ. ಚೀಲಗಳನ್ನು ಹುಳು ಮನೆಯ ತೇವದಲ್ಲಿ ಇಡಬೇಡಿ. ತೇವ ಹಿಡಿದ ಪೆಲೆಟ್ ಉಬ್ಬಿ ಪುಡಿಯಾಗಿ ಸ್ಕ್ರೂವನ್ನು ಕಚ್ಚಿ ನಿಲ್ಲಿಸುತ್ತದೆ.

ಕನಿಷ್ಠ ಉರಿಯಲ್ಲಿಯೂ ಕೋಣೆ ಮಿತಿಮೀರಿ ಕಾಯುವುದಿಲ್ಲವೇ ಎಂಬ ಸಂದೇಹ ಬರಬಹುದು. ನೀವು ಕೊಟ್ಟಿರುವ ಅಳತೆಯ ಮೇಲೆ ಸ್ಥೂಲವಾಗಿ ಲೆಕ್ಕ ಹಾಕಿದರೆ, ಒಂಬತ್ತಿಂಚಿನ ಇಟ್ಟಿಗೆ ಗೋಡೆ ಮತ್ತು ಆರ್‌ಸಿಸಿ ಛಾವಣಿಯ ಆ ಕೋಣೆ ಒಳ-ಹೊರಗಿನ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 400 ವ್ಯಾಟ್ ಶಾಖವನ್ನು ಹೊರಗೆ ಕಳೆದುಕೊಳ್ಳುತ್ತದೆ. ಹೊರಗೆ 16 ಡಿಗ್ರಿಯಿರುವ ಬೆಳಗಿನ ಜಾವದಲ್ಲಿ ಒಳಗೆ 25 ನಿಲ್ಲಲು ಮೂರೂವರೆ ಕಿಲೋವ್ಯಾಟ್ ಬೇಕು. 8 ಕಿಲೋವ್ಯಾಟಿನ ಒಲೆ ಕನಿಷ್ಠದಲ್ಲಿ ಎರಡೂವರೆಯಿಂದ ಮೂರು ಕಿಲೋವ್ಯಾಟ್ ಕೊಡುವುದರಿಂದ ನಡುರಾತ್ರಿಯ ನಂತರ ಅದು ಕನಿಷ್ಠ ಉರಿಯಲ್ಲಿಯೇ ಬಹುಪಾಲು ಹೊತ್ತು ಕಳೆದು, ಆಗಾಗ ಏರಿ ಬರುತ್ತದೆ. ಆದರೆ ಸಂಜೆ ಏಳಕ್ಕೆ, ಹೊರಗೆ ಇನ್ನೂ 21-22 ಡಿಗ್ರಿಯಿರುವಾಗ ಹೊತ್ತಿಸಿದರೆ ಕನಿಷ್ಠ ಉರಿಯೂ ಹೆಚ್ಚಾಗುತ್ತದೆ. ಹಗಲಿನ ಬಿಸಿಲಿಗೆ ಕಾದ ಗೋಡೆಗಳು ಮೊದಲ ಕೆಲವು ತಾಸು ಕೋಣೆಯನ್ನು ತಾವೇ ಬೆಚ್ಚಗಿಡುತ್ತವೆ, ಆದ್ದರಿಂದ ಊಟ ಮುಗಿಸಿ, ರಾತ್ರಿಯ ಸೊಪ್ಪು ಹಾಕುವಾಗ ಹೊತ್ತಿಸಿ. ಆಗಲೂ ಒಂದು ಡಿಗ್ರಿ ಮೇಲೇರಿದರೆ ಮೇಲಿನ ಗವಾಕ್ಷಿಯನ್ನು ಒಂದಿಷ್ಟು ತೆರೆಯಿರಿ. ಹಾಸಿಗೆಯ ಹಿಕ್ಕೆಯಿಂದ ಏಳುವ ಕೆಟ್ಟ ಗಾಳಿ ಹೋಗಲು ಅದು ಹೇಗೂ ಬೇಕು. ಪೆಲೆಟ್ ಖರ್ಚಿನ ಅಂದಾಜಿಗೆ, ಒಂದು ಕಿಲೋ ಒಳ್ಳೆಯ ಮರದ ಪೆಲೆಟ್ ಕೋಣೆಗೆ ನಾಲ್ಕು ಯೂನಿಟ್‌ನಷ್ಟು ಶಾಖ ಕೊಡುತ್ತದೆಂದು ಹಿಡಿದರೆ ಎಂಟು ತಾಸಿನ ರಾತ್ರಿಗೆ ಆರೇಳು ಕಿಲೋ ಸಾಕು.

ಎಲ್ಲ ಹಂತಕ್ಕೂ 25 ಡಿಗ್ರಿಯೇ ಎಂದು ಗಟ್ಟಿ ಮಾಡಿಕೊಳ್ಳಬೇಡಿ. ಎರಡನೇ ಜ್ವರ ಎದ್ದ ಹುಳುವಿಗೆ 26, ಮೂರನೇ ಜ್ವರದ ನಂತರ 25, ಕೊನೆಯ ಹಂತದ ದೊಡ್ಡ ಹುಳುವಿಗೆ 24 ಎಂಬುದು ರೂಢಿಯಲ್ಲಿರುವ ಶಿಫಾರಸು; ತೇವಾಂಶವೂ ಅದೇ ಕ್ರಮದಲ್ಲಿ ಶೇಕಡ 80ರಿಂದ 70ರ ಸುಮಾರಿಗೆ ಇಳಿಯುತ್ತ ಹೋಗಬೇಕು. ಎಫ್1 ಅನ್ನು ಪ್ರತಿ ಜ್ವರ ಎದ್ದಾಗ ಒಂದೊಂದು ಡಿಗ್ರಿ ಇಳಿಸಿದರಾಯಿತು. ತೇವಾಂಶದ ವಿಷಯದಲ್ಲಿ ಮಾತ್ರ ಈ ಒಲೆ ನಿಮ್ಮನ್ನು ಪೇಚಿಗೆ ಸಿಲುಕಿಸಬಹುದು. 16 ಡಿಗ್ರಿಯಲ್ಲಿ ಶೇಕಡ 80 ತೇವವಿರುವ ಗಾಳಿಯನ್ನು ನೀರು ಸೇರಿಸದೆ 25 ಡಿಗ್ರಿಗೆ ಕಾಯಿಸಿದರೆ ಅದರ ತೇವಾಂಶ ಶೇಕಡ 46ರ ಆಸುಪಾಸಿಗೆ ಕುಸಿಯುತ್ತದೆ. ಸೊಪ್ಪು ಬಾಡುತ್ತದೆ, ಹುಳು ತಿನ್ನುವುದು ಕಡಿಮೆಯಾಗುತ್ತದೆ, ಹೀಗಿರುವಾಗ ಥರ್ಮೋಸ್ಟಾಟು ಸರಿಯಾದ ಅಂಕಿಯನ್ನೇ ತೋರಿಸುತ್ತಿರುತ್ತದೆ. ಬಿಸಿಗಾಳಿ ಹಾಯುವ ದಾರಿಯಲ್ಲಿ ಒದ್ದೆ ಗೋಣಿಚೀಲಗಳನ್ನು ತೂಗುಬಿಡಿ, ನೆಲಕ್ಕೆ ನೀರು ಚಿಮುಕಿಸಿ. ಹುಳು ಜ್ವರಕ್ಕೆ ಕುಳಿತಾಗ ಮಾತ್ರ ಅವನ್ನು ತೆಗೆದುಬಿಡಿ, ಏಕೆಂದರೆ ಆ ಹೊತ್ತಿಗೆ ಹಾಸಿಗೆ ಒಣಗಿರಬೇಕು.

ಕರೆಂಟ್ ಹೋದಾಗಿನ ಸ್ಥಿತಿ, ಎಲೆಕ್ಟ್ರಿಷಿಯನ್ ಹೇಳಿದ ವ್ಯವಸ್ಥೆ ತಂದೊಡ್ಡುವ ಸ್ಥಿತಿಯೇ ಆದ್ದರಿಂದ, ಇನ್‌ವರ್ಟರ್ ಇಲ್ಲದೆ ಈ ಒಲೆಯನ್ನು ರಾತ್ರಿ ಬಿಟ್ಟು ಮಲಗಬಾರದು. ಅದು ಸೈನ್ ವೇವ್ ಮಾದರಿಯದೇ ಆಗಿರಲಿ. ಹಳೆಯ ಚೌಕ ಅಲೆಯ ಇನ್‌ವರ್ಟರಿನಲ್ಲಿ ಫ್ಯಾನುಗಳು ಗುಂಯ್‌ಗುಡುತ್ತವೆ, ವೇಗದ ನಿಯಂತ್ರಣ ತಪ್ಪುತ್ತದೆ. ಉರಿಯುತ್ತಿರುವ ಒಲೆ 100 ವ್ಯಾಟ್‌ನ ಆಸುಪಾಸಿನಲ್ಲಿ ನಡೆಯುತ್ತದೆ, ಹೊತ್ತಿಸುವ ಕೆಲವು ನಿಮಿಷ ಮಾತ್ರ 300ರಿಂದ 400 ವ್ಯಾಟ್ ಎಳೆಯುತ್ತದೆ. 150 ಎಎಚ್ ಬ್ಯಾಟರಿ ಒಂದಿದ್ದರೆ ರಾತ್ರಿಯ ಕಡಿತಕ್ಕೆ ಸಾಲುತ್ತದೆ. ಥರ್ಮೋಸ್ಟಾಟಿಗೂ ಅದೇ ಇನ್‌ವರ್ಟರಿನ ಲೈನ್ ಕೊಡಿ. ಒಲೆಯ ಅರ್ತಿಂಗ್ ಸರಿಯಾಗಿರಬೇಕೆಂದು ಬೇರೆ ಹೇಳಬೇಕಿಲ್ಲ.

ಒಲೆಯೊಳಗೆ ಅತಿ ಶಾಖಕ್ಕೆ ಕಡಿಯುವ ಕಟ್-ಔಟ್, ಹೊಗೆ ಕೊಳವೆಯ ಒತ್ತಡ ನೋಡುವ ಸ್ವಿಚ್ ಇವೆಲ್ಲ ಇರುತ್ತವೆ. ಒಲೆ ಆಗಾಗ ನಿಲ್ಲುತ್ತಿದೆಯೆಂದು ಅವುಗಳನ್ನು ‘ಡೈರೆಕ್ಟ್’ ಮಾಡಿಕೊಡಲು ಯಾರಾದರೂ ಮುಂದೆ ಬಂದರೆ ಒಪ್ಪಬೇಡಿ. ಬಹುತೇಕ ಅಂಥ ಹೊತ್ತಿನಲ್ಲಿ ದೋಷವಿರುವುದು ಬೂದಿ ಕಟ್ಟಿದ ಕೊಳವೆಯಲ್ಲಿ. ಉರಿಗೆ ಬೇಕಾದ ಗಾಳಿಯನ್ನು ಗೋಡೆಯಾಚೆಯಿಂದಲೇ ಪೈಪಿನಲ್ಲಿ ತಂದುಕೊಡಿ. ಒಲೆ ಉರಿಯುವಾಗ ಹುಳು ಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಬಾರದು, ಅದು ಹೊಗೆಯನ್ನು ಕೊಳವೆಯಿಂದ ಹಿಂದಕ್ಕೆಳೆಯಬಲ್ಲದು. ಕಾರ್ಬನ್ ಮಾನಾಕ್ಸೈಡ್ ಸೂಚಿಸುವ ಬ್ಯಾಟರಿ ಅಲಾರಂ ಒಂದನ್ನು, ವಿಶೇಷವಾಗಿ ಯಾರಾದರೂ ಹುಳು ಮನೆಯಲ್ಲಿಯೇ ಮಲಗುವುದಿದ್ದರೆ, ಮಲಗುವ ಜಾಗದ ಹತ್ತಿರ ಹಾಕಿ. ವಾಸನೆಯಿಲ್ಲದ ಆ ಅನಿಲ ಹುಳುವಿಗಿಂತ ಮೊದಲು ಮನುಷ್ಯನನ್ನು ಕೊಲ್ಲಬಲ್ಲದು.

ಬೆಳೆ ಮುಗಿದು ಬ್ಲೀಚಿಂಗ್ ಪೌಡರಿನಂಥ ಕ್ಲೋರಿನ್ ಔಷಧಿಗಳಿಂದ ಸೋಂಕು ನಿವಾರಣೆ ಮಾಡುವ ಮುನ್ನ ಕಂಟ್ರೋಲರನ್ನೂ ಸೆನ್ಸರನ್ನೂ ಕಳಚಿ ಹೊರಗಿಡಿ, ಒಲೆಯ ಪ್ಲಗ್ ಕಿತ್ತು ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಮುಚ್ಚಿ. ಕ್ಲೋರಿನ್ ಆವಿ ತಾಮ್ರವನ್ನೂ ಬೋರ್ಡಿನ ಬೆಸುಗೆಯನ್ನೂ ತಿನ್ನುತ್ತದೆ. ಹಾಸಿಗೆಗೆ ಉದುರಿಸುವ ಸುಣ್ಣದ ಪುಡಿಯೂ ಬಿಸಿಗಾಳಿಯ ಫ್ಯಾನಿನ ಎಲೆಗಳಲ್ಲಿ ಕೂರುವುದರಿಂದ ಪ್ರತಿ ಬೆಳೆಯ ನಂತರ ಅದನ್ನು ಬ್ರಷ್‌ನಿಂದ ಸ್ವಚ್ಛಗೊಳಿಸಬೇಕು.

ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಚಂದ್ರಿಕೆಗೆ (ಗೂಡು ಕಟ್ಟಿಸುವ ತಟ್ಟೆಗೆ) ಬಿಟ್ಟ ಮೇಲೆ ಉಷ್ಣತೆಯನ್ನು 24ರಲ್ಲಿಯೇ ಉಳಿಸಿಕೊಂಡು ಒದ್ದೆ ಗೋಣಿಗಳನ್ನೆಲ್ಲ ತೆಗೆದುಹಾಕಿ. ಗೂಡು ಕಟ್ಟುವ ಮುನ್ನ ಹುಳು ಬಹಳಷ್ಟು ನೀರು ಹೊರಹಾಕುತ್ತದೆ. ಅಲ್ಲಿ ತೇವ ಶೇಕಡ 60-65ಕ್ಕಿಂತ ಏರಿದರೆ ನೂಲು ಬಿಚ್ಚುವ ಗುಣ ಕೆಡುತ್ತದೆ. ಆ ಎರಡು-ಮೂರು ರಾತ್ರಿ ಗವಾಕ್ಷಿಗಳು ತೆರೆದೇ ಇರಬೇಕಾದ್ದರಿಂದ ಒಲೆ ಹೆಚ್ಚು ಹೊತ್ತು ದೊಡ್ಡ ಉರಿಯಲ್ಲಿ ನಡೆಯುತ್ತದೆ. ಹಾಪರನ್ನು ಮಲಗುವ ಮುನ್ನ ಪೂರ್ತಿ ತುಂಬಿಸಿ, ಚಂದ್ರಿಕೆಗಳನ್ನು ಬಿಸಿಗಾಳಿ ನೇರವಾಗಿ ಬಡಿಯದ ಜಾಗದಲ್ಲಿ ನಿಲ್ಲಿಸಿ, ಮತ್ತು ಸೆನ್ಸರನ್ನು ಸ್ಟ್ಯಾಂಡಿನಿಂದ ಬಿಚ್ಚಿ ಚಂದ್ರಿಕೆಗಳ ನಡುವೆ ಕಟ್ಟಿ.